ವೆಕೇಶನ್ ಸ್ಕೀಮ್ ಅರ್ಜಿ ತಿದ್ದಿಕೊಡುವ ಸೇವೆ: ಭಾಷೆಗೆ ಸರಿ, ಸಲಹೆಗೆ ಸಾಲದು

ಬೇರೆ ದೇಶದಲ್ಲಿ ಸನ್ನದು ಪಡೆದ ವಕೀಲನಾಗಿ, ಲಂಡನ್ನಿನ ಕಾನೂನು ಸಂಸ್ಥೆಗಳ ಬೇಸಿಗೆ ವೆಕೇಶನ್ ಸ್ಕೀಮ್‌ಗೆ (ರಜೆಯ ದಿನಗಳ ಕಿರು ಕಾರ್ಯಾನುಭವಕ್ಕೆ) ಅರ್ಜಿ ಸಲ್ಲಿಸುವ ಮುನ್ನ, ಅದನ್ನು ತಿದ್ದಿಕೊಡುವ ಆನ್‌ಲೈನ್ ಸೇವೆಯೊಂದಕ್ಕೆ ಹಣ ತೆತ್ತಿದ್ದೆ. ಭಾಷೆಯ ತಿದ್ದುಪಡಿ ನಿಜಕ್ಕೂ ಅಚ್ಚುಕಟ್ಟಾಗಿತ್ತು. ‘ಹಲವು ಮೊಕದ್ದಮೆಗಳನ್ನು ನಡೆಸಿದ್ದೇನೆ’ ಎಂಬ ನನ್ನ ಸಪ್ಪೆ ವಾಕ್ಯದ ಪಕ್ಕದಲ್ಲಿ ‘ಯಾವುದು? ಅದರಲ್ಲಿ ನೀವು ಮಾಡಿದ್ದೇನು?’ ಎಂದು ಬರೆದಿದ್ದರು.

ಆದರೆ ಕೇಳಲೇಬೇಕಾದ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಕೆಲವೇ ವಾರಗಳ ಈ ಸ್ಕೀಮ್ ಸಾಮಾನ್ಯವಾಗಿ ಎರಡು ವರ್ಷಗಳ ಟ್ರೈನಿಂಗ್ ಕಾಂಟ್ರಾಕ್ಟ್‌ಗೆ, ಅಂದರೆ ಅಲ್ಲಿ ಸಾಲಿಸಿಟರ್ (ವಕೀಲ) ಆಗಲು ಸಂಸ್ಥೆಯಲ್ಲಿ ಪಡೆಯುವ ತರಬೇತಿಗೆ, ಅಭ್ಯರ್ಥಿಗಳನ್ನು ಅಳೆಯುವ ವೇದಿಕೆ. 2021ರಲ್ಲಿ ಜಾರಿಗೆ ಬಂದ ಎಸ್‌ಕ್ಯೂಇ (ಸಾಲಿಸಿಟರ್ ಅರ್ಹತಾ ಪರೀಕ್ಷೆ) ಪದ್ಧತಿಯಲ್ಲಾದರೋ, ಈಗಾಗಲೇ ಬೇರೆಡೆ ಅರ್ಹತೆ ಪಡೆದ ವಕೀಲರು ಎರಡು ವರ್ಷಗಳ ಕಾರ್ಯಾನುಭವವನ್ನು ತೋರಿಸಬೇಕಾಗಿಯೇ ಇಲ್ಲ. ಹಾಗಿದ್ದರೂ ಅನುಭವಿ ವಕೀಲನೊಬ್ಬ ವಿದ್ಯಾರ್ಥಿಗಳ ಸಾಲಿನಲ್ಲಿ ಏಕೆ ನಿಲ್ಲುತ್ತಾನೆ ಎಂಬುದಕ್ಕೆ ಅರ್ಜಿಯಲ್ಲಿಯೇ ಉತ್ತರವಿರಬೇಕು. ಸಂದರ್ಶನದಲ್ಲಿ ಮೊದಲು ಎದುರಾದದ್ದು ಅದೇ ಪ್ರಶ್ನೆ, ನಾನು ತಡವರಿಸಿದೆ.

ವೀಸಾ ಪ್ರಾಯೋಜನೆಯ ಬಗ್ಗೆ ಈ ಸೇವೆಯವರನ್ನು ಕೇಳಿದಾಗ ‘ಸಂಸ್ಥೆಯನ್ನೇ ವಿಚಾರಿಸಿ’ ಎಂಬ ಒಂದು ಸಾಲಿನ ಉತ್ತರ ಬಂತು (ಅದಕ್ಕೂ ಎರಡು ದಿನ ಹಿಡಿಯಿತು). ಭಾಷೆಯನ್ನಷ್ಟೇ ತಿದ್ದಿಸಿಕೊಳ್ಳುವುದಾದರೆ ಈ ಸೇವೆ ಸಾಕು. ‘ಸಂಪೂರ್ಣ ಮಾರ್ಗದರ್ಶನ’ ಎಂಬ ದುಬಾರಿ ಪ್ಯಾಕೇಜ್ ಬೇಡ.