ಕರೋಕೆ, ಹಾರ್ಮೋನಿಯಂ, ಬರೀ ಕೈತಾಳ: ಮಕ್ಕಳ ಗುಂಪುಗಾಯನಕ್ಕೆ ಯಾವುದು?

ಆರರಿಂದ ಹತ್ತು ವರ್ಷದ ಮಕ್ಕಳಿಗೆ ಹಾಡು ಕಲಿಸುವುದು ಅಂಥ ಕಷ್ಟವಲ್ಲ. ಎಲ್ಲರೂ ಒಟ್ಟಿಗೆ ಎತ್ತಿಕೊಂಡು ಒಟ್ಟಿಗೆ ಮುಗಿಸುವಂತೆ ಮಾಡುವುದಿದೆಯಲ್ಲ, ಅದು ಕಷ್ಟ. ನಮ್ಮ ಬಡಾವಣೆಯ ಮಕ್ಕಳಿಗೆ ಹೇಳಿಕೊಡುತ್ತಾ ಮೂರು ದಾರಿ ನೋಡಿದ್ದೇನೆ. ನನ್ನ ಓಟು ಕೈತಾಳಕ್ಕೆ, ಅಂದರೆ ಕೈಯಲ್ಲೇ ತಾಳ ಹಾಕುತ್ತಾ ಹಾಡಿಸುವುದಕ್ಕೆ. ಆದರೆ ಅದಕ್ಕೆ ಪುರುಸೊತ್ತು ಬೇಕು.

ಕರೋಕೆಯ ಅನುಕೂಲ ಎಲ್ಲರಿಗೂ ಗೊತ್ತು. ಒಂದು ಪೆನ್‌ಡ್ರೈವ್ ಕೊಟ್ಟರೆ ತಬಲಾ, ಕೊಳಲು ಎಲ್ಲ ಬಂದಂತೆಯೇ. ಅಪ್ಪ ಅಮ್ಮಂದಿರೂ ಖುಷಿ. ಆದರೆ ಹೆಚ್ಚಿನ ಟ್ರ್ಯಾಕುಗಳು ದೊಡ್ಡವರ ಶ್ರುತಿಯಲ್ಲಿರುತ್ತವೆ. ಕೆಳಗಿನ ಸ್ವರ ಬಂದಾಗ ಮಕ್ಕಳ ದನಿ ಗೊಣಗಾಟವಾಗುತ್ತದೆ. ಆ್ಯಪ್‌ನಲ್ಲಿ ಶ್ರುತಿ ಏರಿಸಬಹುದು, ತೀರಾ ಏರಿಸಿದರೆ ಕೊಳಲು ಪೀಪಿಯಾಗುತ್ತದೆ. ವೇದಿಕೆ ಹತ್ತಿದ ಮೇಲೆ ಇನ್ನೊಂದು ಫಜೀತಿ: ಸ್ಪೀಕರ್ ಜನರ ಕಡೆ ಮುಖ ಮಾಡಿರುತ್ತದೆ, ಮಕ್ಕಳಿಗೆ ಟ್ರ್ಯಾಕ್ ಸರಿಯಾಗಿ ಕೇಳಿಸುವುದೇ ಇಲ್ಲ. ಒಂದು ಕಾರ್ಯಕ್ರಮದಲ್ಲಿ ಅರ್ಧ ಗುಂಪು ಅವಸರದಲ್ಲಿ ಚರಣ ಎತ್ತಿಕೊಂಡಿತು. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲವಲ್ಲ, ಕೊನೆಯವರೆಗೂ ಹಾಡೊಂದು ಕಡೆ, ವಾದ್ಯವೊಂದು ಕಡೆ.

ನಾಡಗೀತೆಗೆ ಮಾತ್ರ ಟ್ರ್ಯಾಕ್ ಬೇಕೇ ಬೇಕು ಅನ್ನುತ್ತೇನೆ, ಅದೂ ಅಭ್ಯಾಸದ ಮಟ್ಟಿಗೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಗಿದೆ. ಆ ನಡೆ ಮೈಗೆ ಹತ್ತಲು ಟ್ರ್ಯಾಕಿಗಿಂತ ಸುಲಭದ ದಾರಿ ಇಲ್ಲ.

ಹಾರ್ಮೋನಿಯಂ ಮನುಷ್ಯರ ಜೊತೆ ನಡೆಯುತ್ತದೆ. ಮಗು ಸಾಲು ಮರೆತರೆ ನಾವು ನಿಲ್ಲಬಹುದು, ತಿರುಗಿ ಎತ್ತಿಕೊಡಬಹುದು. ಗಮಕ, ಅಂದರೆ ಸ್ವರದ ತೂಗಾಟ, ನುಡಿಯದು ಎಂಬ ದೂರು ಇದರ ಮೇಲೆ ಹಳೆಯದು. 1940ರಿಂದ 1971ರವರೆಗೆ ಆಕಾಶವಾಣಿಯೇ ಇದನ್ನು ಹೊರಗಿಟ್ಟಿತ್ತು. ಏಳು ವರ್ಷದ ಮಗುವಿಗೆ ಆ ದೂರು ಯಾಕೆ? ಮಗುವಿಗೆ ಮೊದಲು ಬೇಕಾದದ್ದು ನೆಟ್ಟಗೆ ನಿಂತ ಸ್ವರ. ನನಗೆ ತೊಡಕಾದದ್ದು ಬೇರೆ. ಒಂದು ಕೈ ಸ್ವರದ ಮನೆಗಳ ಮೇಲೆ, ಇನ್ನೊಂದು ತಿದಿಯ ಮೇಲೆ, ತಾಳ ತೋರಿಸಲು ಕೈಯೇ ಇಲ್ಲ. ಜೊತೆಗೆ ಮಕ್ಕಳು ಪೆಟ್ಟಿಗೆಯ ಸ್ವರ ಕೇಳಿಸಿಕೊಂಡು ಆಮೇಲೆ ಬಾಯಿ ಬಿಡುತ್ತಾರೆ, ಹಾಡು ಕೂದಲೆಳೆಯಷ್ಟು ಹಿಂದೆಯೇ ಉಳಿಯುತ್ತದೆ. ಸಾಲಿನ ಮೊದಲ ಸ್ವರ ಮಾತ್ರ ಕೊಟ್ಟು ಆಮೇಲೆ ಬರೀ ಷಡ್ಜ, ಅಂದರೆ ಆಧಾರದ 'ಸ', ಹಿಡಿದಿಟ್ಟರೆ ಇದು ಬಹಳಷ್ಟು ಕಡಿಮೆಯಾಗುತ್ತದೆ.

ಇನ್ನು ಕೈತಾಳ. ಆಧಾರ ಸ್ವರ ಹಿಡಿದಿಡುವ ಶ್ರುತಿ ಪೆಟ್ಟಿಗೆಯನ್ನು ಆರು ಮನೆಗೆ ಇಡುತ್ತೇನೆ; ಮನೆ ಹೆಚ್ಚಿದಷ್ಟೂ ಶ್ರುತಿ ಎತ್ತರ. ಹೆಂಗಸರ ಐದು ಮನೆ ಈ ವಯಸ್ಸಿನವರಿಗೆ ತಗ್ಗಾಯಿತು. ಆದಿತಾಳದ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು, ಹುಸಿ (ಕೈ ತಿರುಗಿಸುವುದು). ಎಡವುವುದು ಹುಸಿಯಲ್ಲಿ. ಅಲ್ಲಿ ಸದ್ದಿಲ್ಲ, ಹಾಗಾಗಿ ಮಕ್ಕಳು ಅದನ್ನು ನುಂಗಿ ಮುಂದಕ್ಕೆ ಓಡುತ್ತಾರೆ. ಅಂಗೈ ಮೇಲೆ ಮಾಡಿ ಅಂಗೈಯ ಹಿಂಬದಿಯನ್ನು ತೊಡೆಗೆ ಮೆತ್ತಗೆ ತಾಗಿಸಲು ಹೇಳಿದರೆ ಓಟ ನಿಲ್ಲುತ್ತದೆ. ಅದು ಕೂತ ಮೇಲೆ ಸರಳೆ ವರಸೆ ಎಂಬ ಮೊದಲ ಸ್ವರಪಾಠವನ್ನೇ ಆಟ ಮಾಡುತ್ತೇನೆ: ಒಂದು ಆವರ್ತ (ತಾಳದ ಒಂದು ಸುತ್ತು) ಬಾಯಲ್ಲಿ, ಮುಂದಿನದು ಮನಸ್ಸಿನಲ್ಲಿ, ಮೂರನೆಯದು ಮತ್ತೆ ಬಾಯಲ್ಲಿ. ಮೊದಮೊದಲು ಮೂರನೆಯದಕ್ಕೆ ಒಬ್ಬೊಬ್ಬರು ಒಂದೊಂದು ಕಡೆ ಬರುತ್ತಾರೆ, ನಗು ಬೇರೆ. ಕ್ರಮೇಣ ಪಕ್ಕದವರ ಕೈ ನೋಡಲು ಶುರು ಮಾಡುತ್ತಾರೆ, ಉಸಿರನ್ನೂ ಒಟ್ಟಿಗೆ ಎಳೆದುಕೊಳ್ಳುತ್ತಾರೆ. ಟ್ರ್ಯಾಕಿನ ಜೊತೆ ಹಾಡಿದಾಗ ಇದನ್ನು ನಾನು ಕಂಡಿಲ್ಲ. ಅಲ್ಲಿ ಪ್ರತಿ ಮಗುವೂ ಯಂತ್ರದ ಜೊತೆ ಒಂಟಿಯಾಗಿ ಹಾಡುತ್ತಿರುತ್ತದೆ.

ದಾರಿ ನಿಧಾನ. "ಇನ್ನೂ ತೊಡೆ ತಟ್ಟೋದೇ ನಡೀತಿದೆಯಾ ಮೇಡಂ?" ಎಂದು ಕೇಳಿಸಿಕೊಳ್ಳಬೇಕಾಗುತ್ತದೆ. ವೇದಿಕೆಯಲ್ಲೂ ಸಪ್ಪೆ ಕಾಣುತ್ತದೆ. ಒಂದು ತಬಲಾ ಸಿಕ್ಕರೆ ಒಳ್ಳೆಯದು.

ಹತ್ತು ದಿನದಲ್ಲಿ ರಾಜ್ಯೋತ್ಸವ ಇದ್ದರೆ ಸುಮ್ಮನೆ ಟ್ರ್ಯಾಕ್ ಹಾಕಿ, ಒಂದು ಸ್ಪೀಕರನ್ನು ಮಕ್ಕಳ ಕಡೆ ತಿರುಗಿಸಲು ಮೈಕ್‌ಸೆಟ್‌ನವರಿಗೆ ಮೊದಲೇ ಹೇಳಿ. ಮೂರು ತಿಂಗಳಿದ್ದರೆ ತಾಳದಿಂದ ಶುರು ಮಾಡಿ, ಹಾಡು ಕಲಿಸುವಾಗಷ್ಟೇ ಹಾರ್ಮೋನಿಯಂ ತೆಗೆಯಿರಿ. ತಾಳ ಗಟ್ಟಿ ಇರುವ ಮಗುವನ್ನು ಸಾಲಿನ ತುದಿಯಲ್ಲಲ್ಲ, ನಡುವೆ ನಿಲ್ಲಿಸಿ.