ಲಿಮಿಟ್ ಹೋಲ್ಡೆಮ್ ಮೇಜುಗಳು: 2007ರಿಂದ ಆಡುತ್ತಿರುವ ಬಳಕೆದಾರನ ವಿಮರ್ಶೆ

ನಾನು 2007ರಿಂದ ಒಂದೇ ಆನ್‌ಲೈನ್ ಪೋಕರ್ ಸೇವೆಯನ್ನು ಬಳಸುತ್ತಿದ್ದೇನೆ. ಆಡುವುದು ಸಣ್ಣ ಪಣದ ಮೇಜುಗಳಲ್ಲಿ, ವಾರಕ್ಕೆ ಎರಡು ಅಥವಾ ಮೂರು ಸಂಜೆ. ತಂತ್ರಾಂಶದ ವೇಗ, ಖಾತೆಯ ಭದ್ರತೆ, ಹಣ ಹಿಂಪಡೆಯುವ ವ್ಯವಸ್ಥೆ, ಇವುಗಳ ಬಗ್ಗೆ ನನಗೆ ದೂರಿಲ್ಲವಾದ್ದರಿಂದ ಅವನ್ನು ಇಲ್ಲಿಗೇ ಬಿಡುತ್ತೇನೆ. ನಾನು ಹೇಳಬೇಕಾದದ್ದು, ಪ್ರತಿ ಬೆಟ್‌ನ ಮೊತ್ತ ಮೊದಲೇ ನಿಗದಿಯಾಗಿರುವ ಪೋಕರ್ ಬಗೆಯಾದ ಲಿಮಿಟ್ ಹೋಲ್ಡೆಮ್ ಬಗ್ಗೆ. ಸೇರಿದ ದಿನ ಲಾಬಿಯ ಮೊದಲ ಪರದೆಯಲ್ಲೇ ಕಾಣುತ್ತಿದ್ದ ಆ ಮೇಜುಗಳನ್ನು ಇಂದು ಹುಡುಕಿ ತೆಗೆಯಬೇಕಾಗಿದೆ.

ಇಂದು ಅದರ ಜಾಗದಲ್ಲಿರುವುದು ನೋ-ಲಿಮಿಟ್ ಹೋಲ್ಡೆಮ್. ಎರಡೂ ಆಟಗಳಲ್ಲಿ ಕೈಗೆ ಬರುವ ಎಲೆಗಳು, ಮೇಜಿನ ಮೇಲೆ ತೆರೆಯುವ ಐದು ಎಲೆಗಳು, ಗೆಲ್ಲುವ ಕ್ರಮ ಎಲ್ಲವೂ ಒಂದೇ. ವ್ಯತ್ಯಾಸವಿರುವುದು ಪಣದಲ್ಲಿ ಮಾತ್ರ. ಲಿಮಿಟ್‌ನಲ್ಲಿ ಮೊದಲ ಎರಡು ಸುತ್ತಿಗೆ ಸಣ್ಣ ಬೆಟ್, ಟರ್ನ್ (ಮೇಜಿನ ನಾಲ್ಕನೆಯ ಎಲೆ) ಮತ್ತು ರಿವರ್ (ಐದನೆಯ ಎಲೆ) ಸುತ್ತುಗಳಿಗೆ ಅದರ ಎರಡರಷ್ಟು ದೊಡ್ಡ ಬೆಟ್, ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದು ಬೆಟ್ ಮತ್ತು ಮೂರು ರೈಸ್ (ಬೆಟ್‌ನ ಏರಿಕೆ), ಅಲ್ಲಿಗೆ ಮುಗಿಯಿತು. ನೋ-ಲಿಮಿಟ್‌ನಲ್ಲಿ ಆಟಗಾರ ತನ್ನ ಮುಂದಿರುವ ಚಿಪ್‌ಗಳನ್ನೆಲ್ಲ ಯಾವ ಸುತ್ತಿನಲ್ಲಾದರೂ ಒಮ್ಮೆಲೇ ತಳ್ಳಬಹುದು.

ಕೇಳಲು ಸಣ್ಣದೆನಿಸುವ ಈ ವ್ಯತ್ಯಾಸ ಆಟದ ಸ್ವಭಾವವನ್ನೇ ಬದಲಿಸುತ್ತದೆ ಎಂಬುದಕ್ಕೆ ನನ್ನದೇ ಒಂದು ಕೈಯನ್ನು, ಅಂದರೆ ಒಂದು ಸಲದ ಹಂಚಿಕೆಯ ಆಟವನ್ನು, ವಿವರಿಸುತ್ತೇನೆ. ನನ್ನ ಬಳಿ ಆಟೀನು ಮತ್ತು ಡೈಮಂಡ್ ರಾಣಿಯರ ಜೋಡಿಯಿತ್ತು. ನಾನು ರೈಸ್ ಮಾಡಿದೆ, ಬಿಗ್ ಬ್ಲೈಂಡ್‌ನಲ್ಲಿದ್ದ (ಎಲೆ ನೋಡುವ ಮೊದಲೇ ಕಡ್ಡಾಯ ಪಣ ಹಾಕಿದ್ದ) ಒಬ್ಬನೇ ಕಾಲ್ ಮಾಡಿದ, ಅಂದರೆ ನನ್ನಷ್ಟೇ ಪಣ ಹಾಕಿ ಉಳಿದ. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೊದಲ ಮೂರು ಎಲೆಗಳಲ್ಲಿ, ರಾಜ, ಏಳು, ಮೂರು. ನಾನು ಬೆಟ್ ಮಾಡಿದೆ, ಅವನು ಕಾಲ್ ಮಾಡಿದ. ಟರ್ನ್‌ನಲ್ಲಿ ಎರಡು ಬಂದಾಗಲೂ ಹಾಗೆಯೇ ಆಯಿತು. ರಿವರ್‌ನಲ್ಲಿ ಒಂಬತ್ತು ಬಿದ್ದೊಡನೆ, ಅಲ್ಲಿಯವರೆಗೆ ಸುಮ್ಮನಿದ್ದವನು ತಾನೇ ಬೆಟ್ ಮಾಡಿದ. ಅವನ ಬೆಟ್ ಸೇರಿ ಪಾಟ್‌ನಲ್ಲಿ (ಗೆದ್ದವನಿಗೆ ಸೇರುವ ಒಟ್ಟು ಪಣದಲ್ಲಿ) ಇದ್ದದ್ದು 6.25 ದೊಡ್ಡ ಬೆಟ್, ನಾನು ಹಾಕಬೇಕಾದದ್ದು ಒಂದೇ ಒಂದು. ಏಳು ಸಲಕ್ಕೆ ಒಮ್ಮೆ ನನ್ನ ರಾಣಿಯರು ಗೆದ್ದರೂ ಆ ಕಾಲ್ ನಷ್ಟದ್ದಲ್ಲವಾದ್ದರಿಂದ ಕಾಲ್ ಮಾಡಿದೆ. ಅವನ ಬಳಿ ರಾಜನಿದ್ದ, ಸೋತೆ, ಮುಂದಿನ ಕೈಗೆ ಹೋದೆ. ಇದೇ ಎಲೆಗಳಿಗೆ ನೋ-ಲಿಮಿಟ್‌ನಲ್ಲಿ ಅವನು ಪಾಟ್‌ನ ಮೂರರಷ್ಟನ್ನು ತಳ್ಳಿದ್ದರೆ, ನಾನು ಶೇಕಡಾ 43ರಷ್ಟು ಸಲ ಗೆಲ್ಲುವೆನೆಂಬ ನಂಬಿಕೆಯಿದ್ದರೆ ಮಾತ್ರ ಕಾಲ್ ಮಾಡಬಹುದಿತ್ತು. ಲಿಮಿಟ್‌ನಲ್ಲಿ ಪ್ರಶ್ನೆ ಲೆಕ್ಕದ್ದು, ನೋ-ಲಿಮಿಟ್‌ನಲ್ಲಿ ಅದಕ್ಕೆ ಧೈರ್ಯದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಈ ಧೈರ್ಯದ ಭಾಗವೇ ನೋಡುವವರನ್ನು ಸೆಳೆಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ವಾರ್ಷಿಕ ಪೋಕರ್ ಪಂದ್ಯಸರಣಿಯಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ 1970ರ ದಶಕದಿಂದಲೂ ನೋ-ಲಿಮಿಟ್ ಹೋಲ್ಡೆಮ್ ಆಗಿಯೇ ನಡೆಯುತ್ತಿದ್ದರೂ, ದಿನನಿತ್ಯದ ನಗದು ಮೇಜುಗಳಲ್ಲಿ ದಶಕಗಳ ಕಾಲ ಲಿಮಿಟ್‌ನದೇ ಆಳ್ವಿಕೆಯಿತ್ತು. ಇದು ತಿರುಗುಮುರುಗಾದದ್ದು 2003ರಲ್ಲಿ. ಆಟಗಾರರ ಮುಚ್ಚಿದ ಎಲೆಗಳನ್ನು ಪ್ರೇಕ್ಷಕರಿಗೆ ತೋರಿಸುವ ಕ್ಯಾಮೆರಾದೊಂದಿಗೆ ವರ್ಲ್ಡ್ ಪೋಕರ್ ಟೂರ್ ಅಮೆರಿಕದ ಟಿವಿಯಲ್ಲಿ ಆರಂಭವಾಯಿತು. ಅದೇ ವರ್ಷ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಆನ್‌ಲೈನ್ ಅರ್ಹತಾ ಪಂದ್ಯದಿಂದ ಬಂದು, 839 ಆಟಗಾರರ ಮುಖ್ಯ ಪಂದ್ಯವನ್ನು ಗೆದ್ದು 25 ಲಕ್ಷ ಡಾಲರ್ ಪಡೆದ. 2006ರ ಹೊತ್ತಿಗೆ ಅದೇ ಪಂದ್ಯದಲ್ಲಿ 8,773 ಮಂದಿ ಆಡಿದರು. ಟಿವಿಯ ಮೋಹ ಎಷ್ಟಿತ್ತೆಂದರೆ, ಐದೂ ಲಿಮಿಟ್ ಆಟಗಳ ಮಿಶ್ರಣವಾದ ಹಾರ್ಸ್‌ನ 50,000 ಡಾಲರ್ ಪಂದ್ಯವನ್ನು ಆ ವರ್ಷ ಮೊದಲ ಬಾರಿಗೆ ನಡೆಸಿದಾಗ, ಅದರ ಅಂತಿಮ ಮೇಜನ್ನು ನೋ-ಲಿಮಿಟ್ ಹೋಲ್ಡೆಮ್‌ಗೆ ಬದಲಿಸಿದರು. ಪರಿಣತರ ಆಟವನ್ನು ಅದರ ಕೊನೆಯ ಗಂಟೆಗಳಲ್ಲೇ ಬೇರೆ ಆಟವನ್ನಾಗಿಸಿದ್ದು ನನಗೆ ಇಂದಿಗೂ ಸರಿಯೆನಿಸಿಲ್ಲ. ಮರುವರ್ಷ ಅದನ್ನು ಸರಿಪಡಿಸಿದರು.

ಆದರೆ ಟಿವಿ ಜನರನ್ನು ಕರೆತಂದೀತೇ ಹೊರತು ಅವರನ್ನು ಮೇಜಿನಲ್ಲಿ ಉಳಿಸಲಾರದು. ಹಿಂದೆ ನೋ-ಲಿಮಿಟ್ ನಗದು ಮೇಜುಗಳು ಬಾಳುತ್ತಿರಲಿಲ್ಲ, ಏಕೆಂದರೆ ಹೊಸಬರು ಒಂದೇ ರಾತ್ರಿಯಲ್ಲಿ ಬರಿಗೈಯಾಗಿ ಎದ್ದುಹೋಗುತ್ತಿದ್ದರು. ಮೇಜಿಗೆ ತರಬಹುದಾದ ಮೊತ್ತಕ್ಕೆ ಮಿತಿ ಹಾಕಿ, ಹೆಚ್ಚಾಗಿ ನೂರು ಬಿಗ್ ಬ್ಲೈಂಡ್‌ಗೆ ನಿಲ್ಲಿಸಿದ ಮೇಲೆ ಒಂದು ತಪ್ಪಿಗೆ ತೆರಬೇಕಾದ ಬೆಲೆಗೂ ಮಿತಿ ಬಂತು. ಹೆಸರಿನಲ್ಲಿ ಮಿತಿಯಿಲ್ಲದ ಆಟ ಜನಪ್ರಿಯವಾಗಿ ಉಳಿದದ್ದು ಈ ಮಿತಿಯಿಂದ ಎಂಬುದು ನನ್ನ ದೃಢ ಅಭಿಪ್ರಾಯ.

ಲಿಮಿಟ್‌ಗೆ ಇನ್ನೊಂದು ಪೆಟ್ಟು ಬಿದ್ದದ್ದು ಗಣಕಗಳಿಂದ. 2015ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು, ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಸೀಫಿಯಸ್ ಎಂಬ ಪ್ರೋಗ್ರಾಮ್ ಮೂಲಕ ಬಹುತೇಕ ಬಿಡಿಸಿದ್ದಾಗಿ, ಅಂದರೆ ಬಹುತೇಕ ಸೋಲಿಸಲಾಗದ ಆಟದ ಕ್ರಮವನ್ನು ಕಂಡುಕೊಂಡಿದ್ದಾಗಿ, ಪ್ರಕಟಿಸಿದರು. ಬಿಡಿಸಿದ್ದು ಇಬ್ಬರ ಆಟವನ್ನೇ ಹೊರತು ಆರು ಅಥವಾ ಒಂಬತ್ತು ಮಂದಿಯ ಮೇಜನ್ನಲ್ಲ. ಆದರೂ 'ಲಿಮಿಟ್ ಮುಗಿದ ಆಟ' ಎಂಬ ಮಾತನ್ನು ನಾನು ಮೇಜಿನ ಚಾಟ್‌ನಲ್ಲಿ ಅನೇಕ ಸಲ ಓದಿದ್ದೇನೆ. ಎರಡು ವರ್ಷಗಳ ನಂತರ ಲಿಬ್ರೇಟಸ್ ಎಂಬ ಪ್ರೋಗ್ರಾಮ್ 1,20,000 ಕೈಗಳಲ್ಲಿ ನಾಲ್ವರು ವೃತ್ತಿಪರರನ್ನು ಇಬ್ಬರ ನೋ-ಲಿಮಿಟ್‌ನಲ್ಲೂ ಸೋಲಿಸಿತು. ಅದನ್ನು ಮಾತ್ರ ಯಾರೂ ಆ ಆಟದ ಅಂತ್ಯವೆಂದು ಹೇಳಲಿಲ್ಲ.

ನಾನು ಬಳಸುವ ಸೇವೆಯ ಬಗ್ಗೆ ನನಗಿರುವ ಅಸಮಾಧಾನ ಇಷ್ಟು: ಒಂದು ಪರಿಷ್ಕರಣೆಯಲ್ಲಿ ಲಿಮಿಟ್ ಮೇಜುಗಳನ್ನು 'ಇತರೆ' ಎಂಬ ವಿಭಾಗಕ್ಕೆ ಸರಿಸಿದರು. ಅಲ್ಲಿ ಕಾಣದ್ದರಿಂದ ಜನ ಬರಲಿಲ್ಲ, ಜನ ಬರದ್ದರಿಂದ ಮೇಜುಗಳನ್ನು ಇನ್ನಷ್ಟು ಕಡಿಮೆ ಮಾಡಿದರು. ಎರಡು ಸಲ ಪತ್ರ ಬರೆದೆ, ಬಂದ ಉತ್ತರದಲ್ಲಿ ಬೇಡಿಕೆಯಿಲ್ಲ ಎಂದಷ್ಟೇ ಇತ್ತು. ಸಣ್ಣ ಪಣದ ಲಿಮಿಟ್‌ನಲ್ಲಿ ಪಾಟ್ ಚಿಕ್ಕದಾಗಿರುವುದರಿಂದ ಸೇವೆ ಕತ್ತರಿಸಿಕೊಳ್ಳುವ ರೇಕ್ ಕೂಡ ಗೆಲುವಿನ ದೊಡ್ಡ ಪಾಲನ್ನು ನುಂಗುತ್ತದೆ. ಹೊಸದಾಗಿ ಸೇರುವವರು ಇದನ್ನು ಲೆಕ್ಕ ಹಾಕಿಯೇ ಕುಳಿತುಕೊಳ್ಳಬೇಕು.

ಇಷ್ಟಾದರೂ ಐದರಲ್ಲಿ ನಾನು ಲಿಮಿಟ್ ಆಟಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಅದನ್ನು ಇಟ್ಟಿರುವ ರೀತಿಗೆ ಎರಡು. ಪ್ರತಿ ಸುತ್ತಿನಲ್ಲೂ ಅರ್ಧ ಬೆಟ್‌ನ ಲಾಭಕ್ಕಾಗಿ ಯೋಚಿಸುವ ಅಭ್ಯಾಸವನ್ನು ನನಗೆ ಕಲಿಸಿದ್ದು ಈ ಆಟವೇ, ಮತ್ತು ಒಂದು ದುರದೃಷ್ಟದ ಎಲೆಯಿಂದ ಇಡೀ ಸಂಜೆ ಹಾಳಾಗದಂತೆ ಕಾಪಾಡಿದ್ದೂ ಇದೇ. ಈಗ ನಮ್ಮ ಪಣದಲ್ಲಿ ಸಂಜೆಗೆ ಒಂದೇ ಮೇಜು ತುಂಬುತ್ತದೆ. ಅಲ್ಲಿ ಕಾಣುವ ಹೆಸರುಗಳಲ್ಲಿ ಅರ್ಧದಷ್ಟನ್ನು ನಾನು ಹತ್ತು ವರ್ಷಗಳಿಂದ ಬಲ್ಲೆ. ಕುರ್ಚಿ ಖಾಲಿಯಾಗುವವರೆಗೆ ಹಾರ್ಸ್ ಮೇಜಿನಲ್ಲಿ ಕಾಯುತ್ತೇನೆ, ಏಕೆಂದರೆ ಅಲ್ಲಿ ಐದೂ ಆಟಗಳು ಇನ್ನೂ ಲಿಮಿಟ್‌ನಲ್ಲೇ ನಡೆಯುತ್ತವೆ.