ಡಬಲ್ ಬೇಸ್ ಯಾರದ್ದು ಅಂತ ಹೇಳದ ಆ್ಯಪ್: ನಾಲ್ಕು ವರ್ಷ ಬಳಸಿದ ಮೇಲೆ

ದುಡ್ಡು ಕೊಟ್ಟು ಹಾಡು ಕೇಳುವ ಆ್ಯಪ್ ಒಂದನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಅದರ ಹೆಸರು ಬರೆಯುವುದಿಲ್ಲ, ಬೈಗುಳ ಸ್ವಲ್ಪ ಜಾಸ್ತಿಯೇ ಇದೆ. ಬಿಟ್‌ರೇಟ್ ಎಷ್ಟು, ಯಾವ ಪ್ಲಾನ್‌ಗೆ ಎಷ್ಟು ದುಡ್ಡು, ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ. ನಾನು ಇದರಲ್ಲಿ ಕೇಳುವುದು ಜಾಝ್. ಅದರಲ್ಲೂ ಅಷ್ಟಾಗಿ ಹೆಸರು ಮಾಡದ ಗಾಯಕಿಯರು, ಮೂರು-ನಾಲ್ಕು ಜನರ ಸಣ್ಣ ತಂಡಗಳು. ಧಾರವಾಡದಲ್ಲಿ ಹುಟ್ಟಿದವಳಿಗೆ ಈ ಗೀಳು ಎಲ್ಲಿಂದ ಅಂಟಿತು ಅಂತ ತವರಿನಲ್ಲಿ ಇನ್ನೂ ಕೇಳುತ್ತಾರೆ. ಮುಂಬೈಯ ಫೋರ್ಟ್‌ನಲ್ಲಿರುವ ನಮ್ಮ ಬ್ಯಾಂಕ್ ಶಾಖೆಯಲ್ಲಿ ಗೋವಾದ ಹಿರಿಯರೊಬ್ಬರಿದ್ದರು. ಅವರ ಸೋದರಮಾವ ಹೋಟೆಲ್ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದರಂತೆ. ನಿವೃತ್ತಿಯ ದಿನ ನನ್ನ ಟೇಬಲ್ ಮೇಲೆ ಒಂದು ಚೀಟಿ ಇಟ್ಟು ಹೋದರು. ಅದರಲ್ಲಿ ಇದ್ದದ್ದು ಎರಡೇ ಪದ: ಶೀಲಾ ಜೋರ್ಡನ್.

ನಾನು ಹಾಡು ಕೇಳುವುದು ಬೆಳಿಗ್ಗೆಯ ಲೋಕಲ್‌ನಲ್ಲಿ. ರಾತ್ರಿ ದೋಸೆ ಹಿಟ್ಟು ರುಬ್ಬಿ ಮುಚ್ಚಿಟ್ಟ ಮೇಲೆ ಮರುದಿನದ ಆಲ್ಬಂ ಡೌನ್‌ಲೋಡ್‌ಗೆ ಹಾಕುತ್ತೇನೆ. ಬೆಳಿಗ್ಗೆ ಏಳುವಷ್ಟರಲ್ಲಿ ಹಿಟ್ಟು ಉಬ್ಬಿರುತ್ತದೆ, ಹಾಡು ಇಳಿದಿರುತ್ತದೆ. ಹೀಗೆ ಮೊದಲೇ ಇಳಿಸಿಕೊಳ್ಳದಿದ್ದರೆ ಕಷ್ಟ, ಮುಂಬ್ರಾದ ಗುಡ್ಡದ ಹತ್ತಿರ ನನ್ನ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ. ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿ ಹತ್ತಿದವಳಿಗೆ ಸೀಟು ಸಿಗುವುದು ದೂರದ ಮಾತು, ಪಾರ್ಟಿಷನ್‌ಗೆ ಒರಗಿ ನಿಲ್ಲಲು ಜಾಗ ಸಿಕ್ಕರೆ ಅದೇ ಪುಣ್ಯ. ಇಯರ್‌ಫೋನ್ ವೈರ್ ಇರುವುದೇ. ವೈರ್ ಇಲ್ಲದ್ದರಲ್ಲಿ ಬಲಗಿವಿಯದ್ದು ಥಾಣೆಯಲ್ಲಿ ಹಳಿಗೆ ಬಿತ್ತು, ಎಡಗಿವಿಯದ್ದು ಈಗಲೂ ಡ್ರಾಯರ್‌ನಲ್ಲಿದೆ. ಹಳೆಯ ಎಲ್‌ಪಿ ರೆಕಾರ್ಡಿನ ಒಂದು ಬದಿ ಅಂದರೆ 20 ನಿಮಿಷದ ಆಸುಪಾಸು. ಥಾಣೆ ಬರುವಷ್ಟರಲ್ಲಿ ಒಂದು ಬದಿ ಮುಗಿಯುತ್ತದೆ. ಅಲ್ಲಿನ ನೂಕಾಟ ಕಳೆಯುವವರೆಗೆ ಹಾಡು ನಿಲ್ಲಿಸುತ್ತೇನೆ, ಎಲ್‌ಪಿ ತಿರುಗಿಸಿ ಹಾಕಿದ ಹಾಗೆ. ಮುಲುಂಡ್ ದಾಟಿದ ಮೇಲೆ ಎರಡನೇ ಬದಿ. ಅದೂ ಕುರ್ಲಾದ ಹತ್ತಿರ ಮುಗಿದರೆ, ಉಳಿದ ದಾರಿಗೆ ಆ್ಯಪ್ ತನಗೆ ತೋಚಿದ್ದನ್ನು ಹಾಕುತ್ತದೆ.

ಅಮೆರಿಕದ ಜಾಝ್ ಗಾಯಕಿ ಶೀಲಾ ಜೋರ್ಡನ್‌ರ ಮೊದಲ ಆಲ್ಬಂ 1962ರಲ್ಲಿ ಧ್ವನಿಮುದ್ರಣ ಆದದ್ದು. ಅದರಲ್ಲಿ ಪಿಯಾನೊ ಇಲ್ಲ. ಗಿಟಾರ್, ಡಬಲ್ ಬೇಸ್, ಡ್ರಮ್ಸ್, ಅಷ್ಟೇ. ಒಂದು ಹಾಡಿನಲ್ಲಂತೂ ಅದೂ ಇಲ್ಲ, ಬರೀ ಆಕೆಯ ದನಿ ಮತ್ತು ಡಬಲ್ ಬೇಸ್. ಆಳೆತ್ತರದ ಆ ವಾದ್ಯದ ತಂತಿಯನ್ನು ಒಬ್ಬರು ಬೆರಳಿನಿಂದ ಮೀಟುತ್ತಾ ಹೋಗುತ್ತಾರೆ, ಈಕೆ ಅದರ ಮೇಲೆ ನಡೆದಾಡುತ್ತಾರೆ. ಕಳವಾ ಸ್ಟೇಷನ್ ಹೋದದ್ದೇ ನನಗೆ ಗೊತ್ತಾಗಲಿಲ್ಲ. ಆಮೇಲೆ ಆಕೆಯ ಬಗ್ಗೆ ಓದಿದೆ. ಹುಟ್ಟಿದ್ದು 1928ರಲ್ಲಿ, ಡೆಟ್ರಾಯಿಟ್‌ನಲ್ಲಿ. ಮಗಳನ್ನು ಒಬ್ಬರೇ ಸಾಕಿದರು. ದಶಕಗಳ ಕಾಲ ಹಗಲು ಆಫೀಸಿನಲ್ಲಿ ಟೈಪಿಂಗ್, ರಾತ್ರಿ ಹಾಡು. 2025ರ ಆಗಸ್ಟ್‌ನಲ್ಲಿ ತೀರಿಕೊಂಡಾಗ 96 ವರ್ಷ. ಹತ್ತರಿಂದ ಐದರವರೆಗೆ ಕೂತು ಕೀಲಿ ಒತ್ತುವ ನನ್ನಂಥವಳಿಗೆ ಆಕೆ ಹತ್ತಿರದವರು ಅನ್ನಿಸಿದರೆ ತಪ್ಪಲ್ಲ, ಅಲ್ವಾ?

ಆ ಬೆಳಿಗ್ಗೆ ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಡಬಲ್ ಬೇಸ್ ಯಾರದ್ದು?

ಆ್ಯಪ್‌ನಲ್ಲಿ ಮೂರು ಚುಕ್ಕಿ ಒತ್ತಿದೆ. ಹಾಡಿದವರ ಹೆಸರಿದೆ, ಹಾಡು ಬರೆದವರ ಹೆಸರಿದೆ, ಹಕ್ಕು ಯಾವ ಕಂಪನಿಯದ್ದು ಅಂತಲೂ ಇದೆ. ನುಡಿಸಿದವರು ಮಾತ್ರ ಇಲ್ಲ. ಇನ್ನೊಂದು ಆಲ್ಬಂ ನೋಡಿದೆ, ಅದೇ ಕಥೆ. ಧಾರವಾಡದ ನಮ್ಮ ಮನೆಯಲ್ಲಿ ಇದು ನಡೆಯುತ್ತಿರಲಿಲ್ಲ. ಆಕಾಶವಾಣಿಯವರು ಗಾಯನ ಮುಗಿದ ಮೇಲೆ ತಬಲಾ ಸಾಥ್ ಯಾರದ್ದು, ಹಾರ್ಮೋನಿಯಂ ಯಾರದ್ದು ಅಂತ ಹೇಳುತ್ತಿದ್ದರು. ಅದನ್ನು ಕೇಳುವ ತನಕ ಅಪ್ಪ ರೇಡಿಯೋ ಆರಿಸಲು ಬಿಡುತ್ತಿರಲಿಲ್ಲ. ಸಾರು ಆರಿದರೂ ಸರಿ, ತಬಲಜಿಯ ಹೆಸರು ಬೇಕು. ನಮಗೆ ಅದು ಬರೀ ಮರ್ಯಾದೆಯ ವಿಷಯ ಆಗಿರಲಿಲ್ಲ. ಮುಂದಿನ ವಾರ ಅದೇ ತಬಲಜಿ ಬೇರೆ ಯಾರಿಗಾದರೂ ಸಾಥ್ ಕೊಟ್ಟರೆ, ಹೆಸರೇ ಕೇಳಿರದ ಆ ಗಾಯಕರನ್ನೂ ಅಪ್ಪ ಕೂತು ಕೇಳುತ್ತಿದ್ದರು.

ಜಾಝ್‌ನಲ್ಲಿ ಹೊಸಬರನ್ನು ಹುಡುಕುವ ದಾರಿಯೂ ಇದೇ. ಹದಿನೇಳು ಜನರ ದೊಡ್ಡ ಬ್ಯಾಂಡಿನಲ್ಲಿ ಒಬ್ಬರ ಹೆಸರು ಬಿಟ್ಟರೆ ಹೋಗಲಿ ಅನ್ನಬಹುದು. ಮೂರು ಜನರ ತಂಡದಲ್ಲಿ ಒಬ್ಬರನ್ನು ಬಿಟ್ಟರೆ ಮೂರರಲ್ಲಿ ಒಂದು ಪಾಲು ಸಂಗೀತವನ್ನೇ ಅನಾಥ ಮಾಡಿದ ಹಾಗೆ. ಕಂಪನಿಗೆ ಮೂರು ಸಲ ಬರೆದೆ. ಮೂರೂ ಸಲ ಒಂದೇ ಉತ್ತರ, ಸಲಹೆಗೆ ಧನ್ಯವಾದ. ಒಂದು ಪೂರ್ಣವಿರಾಮ ಕೂಡ ಆಚೀಚೆ ಆಗಿರಲಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಬ್ಯಾಂಕಿನವರು ಕೊಟ್ಟ ಹಳೆಯ ಡೈರಿ. ಎಡಗಡೆ ಹಾಡಿದವರು, ನಡುವೆ ಪಿಯಾನೊ ಅಥವಾ ಗಿಟಾರ್, ಬಲಗಡೆ ಕೆಂಪು ಗೆರೆಯ ಆಚೆ ಡಬಲ್ ಬೇಸ್. ಹೆಸರು ಹುಡುಕುವುದು ಡಿಸ್ಕಾಗ್ಸ್ ಅನ್ನುವ ವೆಬ್‌ಸೈಟಿನಲ್ಲಿ. ಅಲ್ಲಿ ಜನರೇ ಕೂತು ಎಲ್‌ಪಿಯ ಹಿಂಬದಿ ನೋಡಿ ಒಬ್ಬೊಬ್ಬರ ಹೆಸರನ್ನೂ ತುಂಬಿಸಿರುತ್ತಾರೆ, ಎಷ್ಟೋ ಆಲ್ಬಂಗಳಿಗೆ ಆ ಹಿಂಬದಿಯ ಫೋಟೋ ಕೂಡ ಇರುತ್ತದೆ. ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು, ಆ ಮಸುಕು ಅಕ್ಷರಗಳನ್ನು ದೊಡ್ಡದು ಮಾಡಿ ಓದುವುದು ನನ್ನ ದಿನದ ಅತಿ ಸುಖದ ಹತ್ತು ನಿಮಿಷ. ಇದಕ್ಕೆ ನಾನು ಯಾರಿಗೂ ಚಂದಾ ಕಟ್ಟಿಲ್ಲ.

ಶೀಲಾ ಜೊತೆ ಡಬಲ್ ಬೇಸ್ ನುಡಿಸಿದವರು ಸ್ಟೀವ್ ಸ್ವಾಲೊ. ಆ ಹೆಸರು ಹಿಡಿದು ಹೋದರೆ 1961ರ ಜಿಮ್ಮಿ ಜ್ಯುಫ್ರಿ ತಂಡ ಸಿಕ್ಕಿತು. ಜ್ಯುಫ್ರಿಯ ಕ್ಲಾರಿನೆಟ್, ಪಾಲ್ ಬ್ಲೇ ಪಿಯಾನೊ, ಸ್ವಾಲೊ ಡಬಲ್ ಬೇಸ್. ಡ್ರಮ್ಸ್ ಇಲ್ಲವೇ ಇಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಕೇಳಿಸಿದೆ. ‘ತಬಲಾ ಇಲ್ಲೇನು? ಹಂಗಾದ್ರ ಠೇಕಾ ಯಾರು ಹಿಡೀತಾರ?’ ಅಂದರು. ಯಾರೂ ಹಿಡಿಯುವುದಿಲ್ಲ, ಮೂವರೂ ಮನಸ್ಸಿನಲ್ಲೇ ಹಿಡಿದಿರುತ್ತಾರೆ ಅಂದೆ. ಅಪ್ಪ ಪೂರ್ತಿ ಕೇಳಿದರು. ಇಷ್ಟ ಆಯಿತು ಅಂತ ಹೇಳಲಿಲ್ಲ, ನಡುವೆ ಎದ್ದೂ ಹೋಗಲಿಲ್ಲ. ಈ ತಂಡ ಒಡೆದ ಕಥೆ ಜಾಝ್ ಮಂದಿಗೆಲ್ಲ ಗೊತ್ತು. ನ್ಯೂಯಾರ್ಕ್‌ನಲ್ಲಿ ಒಂದು ರಾತ್ರಿ ನುಡಿಸಿ ಮುಗಿಸಿದ ಮೇಲೆ ಒಬ್ಬೊಬ್ಬರ ಪಾಲಿಗೆ ಬಂದದ್ದು 35 ಸೆಂಟ್. ನನ್ನ ಚಂದಾ ತಿಂಗಳಿಗೆ ಎರಡು ಮಸಾಲೆ ದೋಸೆ, ಒಂದು ಫಿಲ್ಟರ್ ಕಾಫಿಯಷ್ಟು. ಹೆಸರೇ ಬರೆಯದವರಿಗೆ ಅದರಲ್ಲಿ ಎಷ್ಟು ಮುಟ್ಟೀತು ಅಂತ ಯೋಚಿಸಿದರೆ ಆ 35 ಸೆಂಟೇ ವಾಸಿ ಅನ್ನಿಸುತ್ತದೆ.

ಇದರ ಮೇಲೆ ಸಣ್ಣಪುಟ್ಟ ಕಿರಿಕಿರಿಗಳು ಬೇರೆ. ಗಣೇಶನ ಹಬ್ಬದಲ್ಲಿ ಯಜಮಾನರು ನನ್ನ ಪ್ರೊಫೈಲ್‌ನಿಂದಲೇ ಟಿವಿಗೆ ಆರತಿ ಹಾಕಿದರು. ಆಮೇಲೆ ಒಂದು ತಿಂಗಳು, ಕ್ಲಾರಿನೆಟ್ ಮುಗಿದದ್ದೇ ತಡ, ‘ಸುಖಕರ್ತಾ ದುಃಖಹರ್ತಾ’. ಮೊನ್ನೆ ಫೆಬ್ರವರಿಯಲ್ಲಿ ಐರೀನ್ ಕ್ರಾಲ್ ಅವರ ಆಲ್ಬಂ ಒಂದರ ಹಾಡುಗಳು ರಾತ್ರೋರಾತ್ರಿ ಬೂದು ಬಣ್ಣಕ್ಕೆ ತಿರುಗಿದವು. ಒತ್ತಿದರೆ ಏನೂ ಇಲ್ಲ. 1970ರ ದಶಕದಲ್ಲಿ ಈಕೆ ಮತ್ತು ಪಿಯಾನೊದ ಅಲನ್ ಬ್ರಾಡ್‌ಬೆಂಟ್ ಇಬ್ಬರೇ ಸೇರಿ ಮಾಡಿದ ಧ್ವನಿಮುದ್ರಣಗಳು ನನಗೆ ಪ್ರಾಣ. ಅಷ್ಟು ನಿಧಾನವಾಗಿ, ಅಷ್ಟು ಧೈರ್ಯವಾಗಿ ಹಾಡುವವರು ಕಡಿಮೆ. 1978ರಲ್ಲಿ, 46ನೇ ವಯಸ್ಸಿಗೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಡೌನ್‌ಲೋಡ್ ಮಾಡಿಟ್ಟದ್ದೂ ಹೋಗುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತೇ. ದುಡ್ಡು ಕೊಟ್ಟರೂ ಇದು ನಮ್ಮ ಕಪಾಟಲ್ಲ, ಬಾಡಿಗೆ ಮನೆ. ಮಾರ್ಚ್‌ಗೆ ಚಂದಾ ನಿಲ್ಲಿಸುವುದು ಅಂತ ತೀರ್ಮಾನ ಮಾಡಿದೆ.

ನಿಲ್ಲಿಸಲಿಲ್ಲ. ಕಾರಣ ಕುರ್ಲಾ.

ಅವತ್ತು ಮತ್ತೆ ಜ್ಯುಫ್ರಿಯನ್ನು ಕೇಳುತ್ತಿದ್ದೆ. ಆ ತಂಡದ 1961ರ ಎರಡು ಆಲ್ಬಂಗಳನ್ನು ಮ್ಯೂನಿಕ್‌ನ ಇಸಿಎಂ ಕಂಪನಿ 1992ರಲ್ಲಿ ಒಟ್ಟಿಗೆ ಹೊರತಂದಿತ್ತು. ಕುರ್ಲಾದಲ್ಲಿ ಅದು ಮುಗಿಯಿತು. ಆ್ಯಪ್ ತನ್ನಷ್ಟಕ್ಕೆ ಮುಂದಿನದನ್ನು ಹಾಕಿತು. ಒಂದು ಕೊಳಲು. ಆಮೇಲೆ ಒಬ್ಬ ಹೆಂಗಸಿನ ದನಿ. ಇಂಗ್ಲಿಷ್ ಅಲ್ಲ, ಸ್ವರ ಹಿಡಿದ ರೀತಿಯೇ ನಮ್ಮದು. ಹಿಂದೆ ಮೃದಂಗ, ಘಟ, ಬಾಯಿಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲು. ಸಯನ್ ಸ್ಟೇಷನ್‌ನ ಗದ್ದಲದಲ್ಲಿ ನನಗೆ ಗಂಟಲು ಕಟ್ಟಿತು. ಫೋನ್ ತೆಗೆದು ನೋಡಿದರೆ ‘ಜ್ಯೋತಿ’ ಅಂತ ಇತ್ತು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಹಾಡಿದವರು ಆರ್.ಎ. ರಮಾಮಣಿ. 1983ರಲ್ಲಿ ಇಸಿಎಂನಿಂದಲೇ ಬಂದ ಆಲ್ಬಂ. ಇಸಿಎಂನವರು 2017ರ ನವೆಂಬರ್‌ವರೆಗೆ ತಮ್ಮ ಹಾಡುಗಳನ್ನು ಸ್ಟ್ರೀಮಿಂಗ್‌ಗೆ ಬಿಟ್ಟೇ ಇರಲಿಲ್ಲ. ಆಮೇಲೂ ಬಿಡದೇ ಇದ್ದಿದ್ದರೆ ಕುರ್ಲಾದಲ್ಲಿ ಇದು ನನ್ನ ಕಿವಿಗೆ ಬೀಳುವ ಮಾತೇ ಇರಲಿಲ್ಲ. ಬೆಂಗಳೂರಿನ ಒಬ್ಬ ಗಾಯಕಿ ನನಗೆ ಸಿಗಬೇಕಾದರೆ ಡೆಟ್ರಾಯಿಟ್, ಮ್ಯೂನಿಕ್ ಸುತ್ತಿ ಬರಬೇಕಾಯಿತು. ದಾದರ್ ಹೋಯಿತು, ಬೈಕುಲಾ ಹೋಯಿತು, ಆಫೀಸ್ ತಲುಪಿದ ಮೇಲೂ ಇಯರ್‌ಫೋನ್ ತೆಗೆಯಲಿಲ್ಲ.

ಆ ಹಾಡನ್ನು ಹುಡುಕಿದ್ದು ನಾನಲ್ಲ, ಯಂತ್ರ. ಅದನ್ನು ಒಪ್ಪಿಕೊಳ್ಳಲೇಬೇಕು. ಮೃದಂಗ ಯಾರದ್ದು ಅಂತ ಅಲ್ಲೂ ಹೇಳಿರಲಿಲ್ಲ ಅನ್ನುವುದು ಬೇರೆ ಮಾತು. ಟಿ.ಎ.ಎಸ್. ಮಣಿ ಅಂತ ಡೈರಿಗೆ ನಾನೇ ಬರೆದುಕೊಂಡೆ.

ಡೈರಿಯೂ ಸುಮ್ನೆ ಕೂತಿಲ್ಲ. ಐರೀನ್ ಜೊತೆಗಿದ್ದ ಬ್ರಾಡ್‌ಬೆಂಟ್ ಮುಂದೆ ಚಾರ್ಲಿ ಹೇಡನ್‌ರ ನಾಲ್ವರ ತಂಡದಲ್ಲಿ ಪಿಯಾನೊ ನುಡಿಸಿದರು. ಹೇಡನ್ ಡಬಲ್ ಬೇಸ್‌ನವರು. ಅವರ ಹೆಸರು ಹಿಡಿದು ಹಿಂದಕ್ಕೆ ಹೋದರೆ, 1971ರಲ್ಲಿ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಮಾಡಿದ ಆಲ್ಬಂ. ಅದರ ಎರಡು ಹಾಡಿನಲ್ಲಿ ಒಬ್ಬ ಹೆಣ್ಣಿನ ದನಿ ಇದೆ. ಆಶಾ ಪುತ್ಲಿ, ಇದೇ ಮುಂಬೈಯಲ್ಲಿ ಹುಟ್ಟಿ ಬೆಳೆದವರು. ನನ್ನ ಆ್ಯಪ್‌ನಲ್ಲಿ ಆ ಹಾಡುಗಳ ಕೆಳಗೆ ಕೋಲ್ಮನ್ ಹೆಸರು ಮಾತ್ರ ಇದೆ. ಹಾಡಿದವರ ಹೆಸರನ್ನೇ ಬಿಟ್ಟರೆ ಇನ್ನು ಡಬಲ್ ಬೇಸ್‌ಗಾಗಿ ಏನು ಜಗಳ ಮಾಡಲಿ?

ನೀವು ತಗೊಳ್ಳಬೇಕಾ? ದಿನಕ್ಕೆ ಎರಡು ಗಂಟೆ ರೈಲಿನಲ್ಲಿ ನಿಲ್ಲುವವರಾದರೆ ತಗೊಳ್ಳಿ, ಜೊತೆಗೆ ಒಂದು ಡೈರಿ ಇಟ್ಟುಕೊಳ್ಳಿ. ಮನೆಯವರಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ, ಇದು ಆರತಿಯ ಅನುಭವ. ತೀರಾ ಇಷ್ಟವಾದದ್ದನ್ನು ಬಾಡಿಗೆ ಮನೆಯಲ್ಲಿ ಇಡಬೇಡಿ. ನಾನೀಗ ವರ್ಷಕ್ಕೆ ಮೂರು ಆಲ್ಬಂ ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತೇನೆ. ಅಲ್ಲಿ ಕಲಾವಿದರೇ ಪುಟ ನಡೆಸುವುದರಿಂದ ಯಾರು ಏನು ನುಡಿಸಿದರು ಅಂತ ಎಷ್ಟೋ ಸಲ ಅವರೇ ಬರೆದಿರುತ್ತಾರೆ. ನಮ್ಮ ಮನೆಯ ಬಜೆಟ್‌ಗೆ ಮೂರೇ ಜಾಸ್ತಿ, ಮಗನ ಟ್ಯೂಷನ್ ಫೀ ನೋಡಿದರೆ ನೀವೂ ಒಪ್ಪುತ್ತೀರಿ. ಆ್ಯಪ್‌ಗೆ ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದು ಪೂರ್ತಿ ಕುರ್ಲಾಕ್ಕೆ.

ನಿನ್ನೆ ವಿಕ್ರೋಳಿ ದಾಟುವಾಗ ಇನ್ನೊಬ್ಬ ಗಾಯಕಿ ಬಂದರು. ಗಿಟಾರ್ ಒಂದು, ಡಬಲ್ ಬೇಸ್ ಒಂದು, ಡ್ರಮ್ಸ್ ಇಲ್ಲ. ಡೈರಿಯಲ್ಲಿ ಕೆಂಪು ಗೆರೆಯ ಆಚೆ ಇನ್ನೂ ಖಾಲಿ ಇದೆ. ಊಟದ ಬಿಡುವಿಗೆ ಹತ್ತು ನಿಮಿಷ ಬಾಕಿ.